ಗಾಳಿಯ ಬಾಯಿಗೆ ಕಟ್ಟಿದ ನಿಂಬೆಹಣ್ಣು

ಹುಣಸೆಹಣ್ಣು ಬಡಿಯುತ್ತ ಕೂತಿದ್ದೆ. ಕಕ್ಕೇರಾದ ತವರಿನಿಂದ ಬಂದ ಒಂದು ಚೀಲ ಹಣ್ಣು. ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿದರೆ ಬೀಜ ಆ ಕಡೆ, ಹಣ್ಣು ಈ ಕಡೆ. ಅಷ್ಟರಲ್ಲಿ ನಮ್ಮ ಮನೆಯವರು ಗ್ಯಾರೇಜಿನಿಂದ ಒಳಗೆ ಬಂದರು. ಶಹಾಪುರದಲ್ಲಿ ನಮ್ಮ ಮನೆ, ಮನೆಯ ಮುಂದಿನ ತಗಡಿನ ಶೆಡ್ಡೇ ಗ್ಯಾರೇಜು. ನಡುವೆ ಒಂದು ಬಾಗಿಲು, ಅಷ್ಟೆ. ಬಂದವರು ನೇರ ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ಮೊಳಕೈ ತನಕ ತೊಳೆದುಕೊಂಡರು. ಊಟಕ್ಕೆ ಕರೆದರೂ ಹಳೇ ಬಟ್ಟೆಗೆ ಕೈ ಒರೆಸಿಕೊಂಡು ಕೂರುವ ಮನುಷ್ಯ ಅವರು. ನನ್ನ ಸುತ್ತಿಗೆ ಅಲ್ಲೇ ನಿಂತಿತು.

"ಕಾಲುವಿ ಮೇಡಂ ಕಾರು ನಮ್ಮ ಕಡೀನೇ ಬಿಡ್ತಾರಂತ," ಅಂದರು. "ರಾಮ್ ಏರ್ ಕೂಡ್ಸೋದದ."

ರಾಮನ ಹೆಸರು ಕಿವಿಗೆ ಬಿದ್ದದ್ದೇ ತಡ, ಹುಣಸೆ ಅಂಟಿದ ಕೈಯನ್ನೇ ಎದೆಗೆ ತಂದು ಮುಗಿದೆ. "ಛಲೋ ಆತು ಬಿಡ್ರಿ. ದೇವ್ರ ಹೆಸರಿನ ಕೆಲಸ."

ಅವರು ಬಿದ್ದು ಬಿದ್ದು ನಕ್ಕರು. "ಏ ಹುಚ್ಚಿ, ಆ ರಾಮ ಅಲ್ಲ! ಗಾಳಿ ವಿಷಯ ಅದು. ಕಾರು ಜೋರ್ ಹೊಂಟಾಗ ಎದುರಿನ ಗಾಳಿ ತಾನ ಬಂದು ಎಂಜಿನ್ನಿನ ಬಾಯಾಗ ತುರುಕ್ಕೋಬೇಕು. ಅದಕ್ಕ ದಾರಿ ಮಾಡೋದು."

ನಗಲಿ, ಅದಕ್ಕೇನು. ಮರುದಿನ ಅದನ್ನೇ ಮೇಡಂ ಮುಂದೆ ಹೇಳಿ ಇಬ್ಬರೂ ಕೂಡಿ ನಕ್ಕರಲ್ಲ, ಅದು ಅಡುಗೆಮನೆ ಕಿಟಕಿಯಿಂದ ನನಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮೇಡಂ ನೀರು ಕೇಳಿಕೊಂಡು ನಡುಬಾಗಿಲಿಗೆ ಬಂದರು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇಂಗ್ಲಿಷಿನ್ಯಾಗ ರ‍್ಯಾಮ್ ಅಂದ್ರ ಟಗರು. ಟಗರು ತಲಿ ಬಗ್ಗಿಸಿ ಹಾಯ್ತದಲ್ರೀ, ಹಂಗ ಗಾಳಿ ಬಂದು ಹಾಯ್ತದ."

"ಹಾಯಲಿ ಬಿಡ್ರಿ," ಅಂದು ನೀರು ಕೊಟ್ಟೆ.

ಭೀಮರಾಯನಗುಡಿ ಕ್ಯಾಂಪಿನಲ್ಲಿ ಕಾಲುವೆ ನೀರಿನ ಲೆಕ್ಕ ನೋಡುವ ಎಂಜಿನಿಯರ್ ಅವರು. ಊರು ಸುರಪುರ. ವಯಸ್ಸು ಮೂವತ್ತು ದಾಟಿದೆ, ಮದುವೆ ಮಾಡಿಕೊಂಡಿಲ್ಲ. ಹೈದರಾಬಾದಿನ ಆಚೆ ಎಲ್ಲೋ ವಿಮಾನ ಇಳಿಯುತ್ತಿದ್ದ ಹಳೆಯ ಪಟ್ಟಿಯ ಮೇಲೆ, ಗಡಿಯಾರ ಹಿಡಿದು ಒಂದೊಂದೇ ಕಾರು ಓಡಿಸುವ ಪಂದ್ಯ ನಡೆಯುತ್ತದಂತೆ. ಇಷ್ಟು ಹೊತ್ತಿನೊಳಗೆ ಮುಟ್ಟಿದವರು ಮಾತ್ರ ಮುಂದಿನ ಸುತ್ತಿಗೆ. ಮೇಡಂ ಎರಡು ಸಲ ಹೋಗಿ ಎರಡು ಸಲವೂ ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ ಗುರಿ ತಪ್ಪಿಸಿಕೊಂಡು ಬಂದಿದ್ದರು. ಕಾರು ಕೆಂಪು ಬಣ್ಣದ್ದು. ಮಾಸ್ತರರಾಗಿದ್ದ ಅವರಪ್ಪ ನಿವೃತ್ತಿಯಾದಾಗ ಕೊಂಡು ಮಗಳ ಕೈಗೆ ಕೊಟ್ಟದ್ದು. ಬಾನೆಟ್ಟಿನ ಮೇಲೆ ಒಂದು ಗೀರು ಇರಲಿಲ್ಲ. ಅಪ್ಪಾರು ವಾರಕ್ಕೊಮ್ಮೆ ಕಾರಿನ ಸುತ್ತ ತಿರುಗಿ ನೋಡುತ್ತಾರೆಂದು ಮೇಡಂ ನಗುತ್ತ ಹೇಳುತ್ತಿದ್ದರು.

ಬರೆಯುವಾಗ ಮರ್ಯಾದೆ ಕೊಟ್ಟು 'ಅವರು' ಅನ್ನುತ್ತಿದ್ದೇನೆ. ಆಗ ಮನಸ್ಸಿನೊಳಗೆ ನಾನು ಅವರನ್ನು 'ಆಕಿ' ಅಂತಲೇ ಕರೆಯುತ್ತಿದ್ದೆ. ಯಾಕೆಂದರೆ ಆಕೆ ನಮ್ಮ ಮನೆಯವರನ್ನು 'ಉಸ್ತಾದರ' ಎನ್ನುತ್ತಿದ್ದಳು. ಊರೆಲ್ಲ ಅವರನ್ನು ಮಿಸ್ತ್ರಿ ಅನ್ನುತ್ತದೆ, ನಾನು 'ಏನ್ರಿ' ಅನ್ನುತ್ತೇನೆ. ಉಸ್ತಾದ್ ಅಂದ ಕೂಡಲೇ ಅವರ ಬೆನ್ನು ನೆಟ್ಟಗಾಗುವುದನ್ನು ನಾನು ಕಿಟಕಿಯಿಂದ ಕಂಡಿದ್ದೆ.

ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ಬೆರಳಿನ ಗೆರೆಯ ಮೇಲೆ ಎಣಿಸುವುದು ನನ್ನ ರೂಢಿ. ನಳಕ್ಕೆ ಹೊತ್ತಿಗೆ ಸರಿಯಾಗಿ ನೀರು ಬಂತು, ಹಾಲು ಒಡೆಯಲಿಲ್ಲ, ಯಾದಗಿರಿಯ ಹಾಸ್ಟೆಲಿನಿಂದ ಮಗಳು ಫೋನು ಮಾಡಿದಳು, ಹೀಗೆ. ಆ ವಾರ ಎಣಿಸಲು ಕೂತರೆ ಬೆರಳು ಎರಡನೆಯ ಗೆರೆ ದಾಟುತ್ತಿರಲಿಲ್ಲ.

ಗಾಳಿಗೆ ದಾರಿ ಮಾಡಲು ಮೂರು ಬಗೆ ಇದ್ದವು. ಒಂದು, ಕಾರಿನ ಹಳೆಯ ಫಿಲ್ಟರ್ ಡಬ್ಬಿ ತೆಗೆದು ಆ ಜಾಗದಲ್ಲಿ ಬುಗುರಿಯಂಥ ಬರೀ ಫಿಲ್ಟರ್ ಕೂಡಿಸುವುದು. ಎರಡು, ಬಾನೆಟ್ಟಿನ ಮೇಲೆ ತೂತು ಕೊರೆದು ಎತ್ತಿನ ಬೆನ್ನ ಮೇಲಿನ ಡುಬ್ಬ, ಅಂದರೆ ಇಣಿಯಂಥ ಒಂದು ಗೂಡು ಕೂಡಿಸಿ ಅಲ್ಲಿಂದ ಗಾಳಿ ಇಳಿಸುವುದು. ಮೂರು, ಮುಂದಿನ ಜಾಲರಿಯ ಹಿಂದೆ ಬಾಯಿ ಇಟ್ಟು, ಅಲ್ಲಿಂದ ಮೂರು ಇಂಚಿನ ಕೊಳವೆ ಎಳೆದು ಮುಚ್ಚಿದ ಡಬ್ಬಿಗೆ ಸೇರಿಸುವುದು. ಮೂರನೆಯದರ ಚಿತ್ರ ಮೇಡಂ ತಾವೇ ಪೆನ್ಸಿಲಿನಿಂದ ಬರೆದಿದ್ದರು. ಅವರ ಮಾತು ಕೇಳಲು ಸರಳವಿತ್ತು. ಗಾಳಿಯೂ ಕಾಲುವೆ ನೀರಿನ ಹಾಗೇ ಹರಿಯುತ್ತದೆ, ಬಾಯಿಯ ಹತ್ತಿರ ಸಣ್ಣಗಿದ್ದು ಒಳಗೆ ನಿಧಾನ ಅಗಲವಾಗುತ್ತ ಹೋದರೆ ಓಟ ಕಡಿಮೆಯಾಗಿ ಒತ್ತಡ ಏರುತ್ತದೆ, ಎಂಜಿನ್ನಿಗೆ ಬೇಕಾದದ್ದು ಅದು ಮತ್ತು ತಣ್ಣನೆಯ ಗಾಳಿ.

"ಭಾಳೇನ್ ಸಿಗಂಗಿಲ್ರಿ ಉಸ್ತಾದರ," ಅಂದಿದ್ದರು ಮೊದಲ ದಿನವೇ. "ಕೂದಲೆಳಿಯಷ್ಟ್ ಸಿಕ್ರ ಸಾಕು. ನಾ ತಪ್ಪಿಸ್ಕೊಂಡದ್ದೂ ಅಷ್ಟ."

ಆ ಚಿತ್ರವನ್ನು ಮನೆಯವರು ತಂದು ದೇವರ ಜಗುಲಿಯ ಪಕ್ಕದ ಕ್ಯಾಲೆಂಡರಿಗೆ ಸಿಕ್ಕಿಸಿದರು. ಎಣ್ಣೆ ಹತ್ತಬಾರದಂತೆ. "ಏನ್ ತಲಿ ಅದ ನೋಡು ಆಕೀದು!" ಅಂದರು. ದಿನಾ ಬೆಳಿಗ್ಗೆ ನಾನು ಕೈ ಮುಗಿಯುವ ಜಾಗದಲ್ಲಿ ಆ ಕಾಗದ.

ಮೂರಕ್ಕೂ ನಾನೇ ಹೆಸರಿಟ್ಟೆ. ಚಹಾ ಕೊಡಲು ಹೋದಾಗ ಬಾಯಿತಪ್ಪಿ ಬಂದದ್ದು: ಬುಗುರಿ, ಇಣಿ, ಸೊಂಡಿಲು. ಆಮೇಲೆ ಶೆಡ್ಡಿನಲ್ಲಿ ಎಲ್ಲರೂ ಅದನ್ನೇ ಅನ್ನತೊಡಗಿದರು. ಅದೇ ದಿನ ಇನ್ನೊಂದು ಮಾತೂ ಕಿವಿಗೆ ಬಿತ್ತು. ನಾನು ತಂದ ಕಪ್ಪು ನೋಡಿ ಮನೆಯವರು, "ಏ, ಮೇಡಂ ಚಹಾಕ್ಕ ಸಕ್ರಿ ಹಾಕೊಳ್ಳಂಗಿಲ್ಲ, ಬ್ಯಾರೆ ಮಾಡ್ಕೊಂಡ್ ಬಾ," ಅಂದರು. ಲಗ್ನವಾಗಿ ಇಪ್ಪತ್ತು ವರ್ಷ. ನನ್ನ ಚಹಾಕ್ಕೆ ಎಷ್ಟು ಸಕ್ಕರೆ ಎಂದು ಆ ಮನುಷ್ಯನಿಗೆ ಗೊತ್ತಿಲ್ಲ. ಬೇರೆ ಚಹಾ ಮಾಡಿಕೊಂಡು ಹೋದೆ. ಕುದಿಯುವಾಗ ಹಾಲು ಉಕ್ಕಿತು, ಒಲೆಯೆಲ್ಲ ಹಾಳು.

ಮೂರರಲ್ಲಿ ಯಾವುದು ಒಳ್ಳೆಯದೆಂದು ಅಂದಾಜಿನಲ್ಲಿ ಹೇಳಬಾರದು, ಅಳೆಯಬೇಕು ಎಂದು ಮೇಡಂ ಹಟ ಹಿಡಿದರು. ಮನೆ ಕಟ್ಟುವ ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಪೈಪನ್ನು ನಡುವಿಗೆ ಮಡಚಿ, ಎರಡೂ ತುದಿ ಮೇಲೆ ಬರುವಂತೆ ಒಂದು ಹಲಗೆಗೆ ಮೊಳೆ ಹೊಡೆದರು. ಒಳಗೆ ನೀರು. ಒಂದು ತುದಿ ಕಾರಿನೊಳಗೇ ತೆರೆದಿರುತ್ತದೆ, ಇನ್ನೊಂದು ತುದಿ ಎಂಜಿನ್ನಿನ ಫಿಲ್ಟರ್ ದಾಟಿದ ಮೇಲಿನ ಕೊಳವೆಗೆ. ಎಂಜಿನ್ನು ಗಾಳಿಗಾಗಿ ಹೆಣಗಿದರೆ ಆ ಕಡೆಯ ನೀರು ಮೇಲೇಳುತ್ತದೆ. ಹೆಚ್ಚು ಎದ್ದಷ್ಟೂ ಎಂಜಿನ್ನಿಗೆ ಉಸಿರು ಕಟ್ಟಿದೆ ಎಂದರ್ಥ. ಎರಡೂ ಕಡೆ ಸಮ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಅಳತೆಗೆ ನನ್ನ ಹೊಲಿಗೆಯ ಟೇಪು ಹೋಯಿತು. ನೀರಿಗೆ ಬಣ್ಣ ಬೇಕೆಂದಾಗ ಮನೆಯವರು ಕುಂಕುಮ ಹಾಕಿದರು. ಅದು ತಳಕ್ಕೆ ಕೂತಿತು. ನಾನು ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಹಾಕಿ ಕೊಟ್ಟೆ.

"ನೀ ನಮ್ಮ ಜೋಡಿ ಬಾ," ಅಂದರು ಮನೆಯವರು. "ಮೇಡಂ ಓಡಿಸ್ತಾರ. ನಾ ಹಿಂದ ಕೂತು ಗಾಳಿ ಎಷ್ಟ್ ಬಿಸಿ ಅದ ಅಂತ ಸ್ಕ್ಯಾನರ್ ನೋಡ್ತೀನಿ. ನೀರು ನೋಡಾಕ ಒಬ್ರು ಬೇಕು."

"ನಾ ಯಾಕ? ಟಿಂಕರ್ ಚಾಚಾನ್ನ ಕರೀರಿ."

"ಚಾಚಾಗ ಕಣ್ಣು ಮಂಜು. ಮತ್ತ ನಾವಿಬ್ರೇ ಕಾರಿನ್ಯಾಗ ಹೋದ್ರ ಊರ ಮಂದಿ ಸುಮ್ಮಿರ್ತಾರೇನು?"

ಊರ ಮಂದಿ ಏನಂತಾರೋ ಎಂಬ ಚಿಂತೆ ಇತ್ತು ಅವರಿಗೆ. ಮನೆಯಾಕೆ ಏನಂತಾಳೋ ಎಂಬುದು ಬಾಯಿಗೆ ಬರಲಿಲ್ಲ. ಹೋದೆ.

ಸುರಪುರದ ಕಡೆ ಒಂದು ಹೊಸ ರಸ್ತೆ ಆಗುತ್ತಿತ್ತು. ಡಾಂಬರು ಬಿದ್ದಿತ್ತು, ಸಂಚಾರಕ್ಕೆ ಬಿಟ್ಟಿರಲಿಲ್ಲ. ಮೇಡಂ ಗುತ್ತಿಗೆದಾರರ ಅನುಮತಿ ಪಡೆದು ಎರಡೂ ತುದಿಗೆ ಡ್ರಮ್ಮು ಇಡಿಸಿದ್ದರು. ಬೆಳಗಿನ ತಂಪಿನಲ್ಲಿ, ಗಾಳಿ ಏಳುವ ಮುಂಚೆ, ಒಂದೊಂದು ಬಗೆಗೂ ಹೋಗುವಾಗ ಎರಡು ಸಲ ಬರುವಾಗ ಎರಡು ಸಲ. ಮೂರನೆಯ ಗೇರು, ಕಾಲು ಪೂರ್ತಿ ಒತ್ತಿ, ನೂರು ಮುಟ್ಟಿದಾಗ ಲೆಕ್ಕ. ಕಿಟಕಿ ಎಲ್ಲ ಮುಚ್ಚಿರಬೇಕು.

ಹಲಗೆಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಬೆಲ್ಟು ಕಟ್ಟಿಕೊಂಡು ಕೂತೆ. ಮೇಡಂ ಕಾಲು ಒತ್ತಿದರು. ಬೆನ್ನು ಸೀಟಿಗೆ ಅಂಟಿತು. ಮನೆದೇವರನ್ನು ನೆನೆದು ತಿಂಥಣಿ ಮೌನಪ್ಪಾ ಎಂದು ಕೂಗಿದೆನಂತೆ, ನನಗೆ ನೆನಪಿಲ್ಲ. ನೆನಪಿರುವುದು ಸ್ಟೇರಿಂಗಿನ ಮೇಲಿನ ಆ ಎರಡು ಕೈ. ಅದುರದ, ಬಳೆ ಇಲ್ಲದ ಕೈ. ನನಗೆ ಸೈಕಲ್ಲು ಸಹ ಬಾರದು. ಹೊಟ್ಟೆಕಿಚ್ಚು ಒಂದೇ ಬಗೆಯದಲ್ಲ ಎಂದು ಅವತ್ತು ತಿಳಿಯಿತು. ಮನೆಯವರ ವಿಷಯದ ಕಿಚ್ಚು ಒಂದಾದರೆ, ಆ ಕೈ ನೋಡಿ ಎದ್ದದ್ದು ಇನ್ನೊಂದು.

ನೂರು ಮುಟ್ಟಿದ ಗಳಿಗೆಯಲ್ಲಿ ನೀಲಿ ನೀರು ಕುಣಿಯುತ್ತಿತ್ತು, ಅಂಕಿ ಓದಲು ಆಗುತ್ತಿರಲಿಲ್ಲ. ಎರಡನೆಯ ಓಟಕ್ಕೆ ಸೆರಗಿನಲ್ಲಿ ಸಿಕ್ಕಿಸಿಕೊಂಡಿದ್ದ ಬಟ್ಟೆ ಒಣಹಾಕುವ ಕ್ಲಿಪ್ಪು ತೆಗೆದೆ. ಮೇಡಂ "ಈಗ್ರಿ!" ಅಂದ ಕೂಡಲೇ ಎಂಜಿನ್ನಿನ ಕಡೆಯ ಪೈಪು ಮಡಚಿ ಕ್ಲಿಪ್ಪು ಹಾಕಿದೆ. ನೀರು ಇದ್ದಲ್ಲೇ ನಿಂತಿತು. ಕಾರು ನಿಂತ ಮೇಲೆ ನಿಧಾನ ಓದಿದೆ.

"ಅಕ್ಕಾರ, ಭಾರಿ ತಲಿ ಓಡಿಸಿದ್ರಿ!" ಅಂದರು ಮೇಡಂ.

ಹಿಂದಿನಿಂದ ಮನೆಯವರು, "ಅಡಿಗಿ ಮನ್ಯಾಗಿನ ಇಂಥಾವ ಆಕೀಗಿ ಭಾಳ ಬರ್ತಾವ್ರಿ," ಅಂದರು.

ಹೊಗಳಿದ್ದು ಆಕೆ, ಹೀಗಂದದ್ದು ನನ್ನ ಗಂಡ. ಯಾರ ಮೇಲೆ ಸಿಟ್ಟಾಗಬೇಕು ಹೇಳಿ. ನಾನು ಆಕೆಯ ಮೇಲೇ ಆದೆ.

ಕಾರು ಇದ್ದ ಹಾಗೇ ಓಡಿದಾಗ ನೀರಿನ ವ್ಯತ್ಯಾಸ ಹದಿನಾಲ್ಕು ಸೆಂಟಿಮೀಟರ್ ಬಂದಿತ್ತು. ಬುಗುರಿ ಕೂಡಿಸಿದಾಗ ಐದಕ್ಕೆ ಇಳಿಯಿತು, ಆದರೆ ಅದು ಎಂಜಿನ್ನಿನ ಬಿಸಿಯನ್ನೇ ಹೀರುತ್ತಿತ್ತು. ಹೊರಗೆ ಚಳಿ ಇದ್ದರೂ ಸ್ಕ್ಯಾನರು ಐವತ್ತು ಡಿಗ್ರಿ ದಾಟಿ ತೋರಿಸಿತು. ಬುಗುರಿ ಹೋಯಿತು. ಇಣಿಗೆ ಗುಜರಿಯಿಂದ ಅದೇ ಕಾರಿನ ಒಂದು ತುಕ್ಕು ಹಿಡಿದ, ಸೊಟ್ಟ ಬಾನೆಟ್ಟು ತಂದು ಅದನ್ನು ಕೊರೆದು ಕೂಡಿಸಿದ್ದರು. ಪರೀಕ್ಷೆಗೆ ಮಾತ್ರ ಆಗುವಂಥದ್ದು. ಅದರಲ್ಲಿ ನಾಲ್ಕು ಸೆಂಟಿಮೀಟರ್, ಬಿಸಿಯೂ ಕಡಿಮೆ. ಉಳಿದದ್ದು ಸೊಂಡಿಲು. ಅದನ್ನು ಮನೆಯವರು ಚಿತ್ರ ನೋಡಿ ನೋಡಿ ತಗಡು ಬಾಗಿಸಿ ನಾಲ್ಕು ದಿನ ಮಾಡಿದರು. ಕೊಳವೆಗಿಂತ ಸಣ್ಣ ಬಾಯಿ, ಅದಕ್ಕೆ ಮಡಚಿದ ಅಂಚು, ಡಬ್ಬಿಯ ತಳದಲ್ಲಿ ನೀರು ಸೋರಲು ಸಣ್ಣ ತೂತು, ಮುಚ್ಚಳಕ್ಕೆ ರಬ್ಬರು. ನನ್ನ ಮಿಕ್ಸಿಯ ಮುಚ್ಚಳ ಸಡಿಲವಾಗಿ ಆರು ತಿಂಗಳಾಗಿತ್ತು, ಅದಕ್ಕೆ ರಬ್ಬರು ಸಿಕ್ಕಿರಲಿಲ್ಲ.

ಸೊಂಡಿಲು ಕೂಡಿಸಿ ಮುಗಿದದ್ದು ಶಿವರಾತ್ರಿಯ ಮರುದಿನ, ಅಮಾವಾಸ್ಯೆ. ನಮ್ಮ ಶೆಡ್ಡಿನಲ್ಲಿ ನಿಂತ ಪ್ರತಿಯೊಂದು ಗಾಡಿಗೂ ಅಮಾವಾಸ್ಯೆಗೆ ನಾನೇ ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ಪೋಣಿಸಿ ಕಟ್ಟುತ್ತೇನೆ. ಯಾರ ಕಣ್ಣೂ ತಾಕದಿರಲಿ ಎಂದು. ಮೇಡಂ ಕಾರಿಗೂ ಕಟ್ಟಿದೆ. ಕಟ್ಟದೆ ಬಿಡಬೇಕೆನ್ನಿಸಿತು, ಆದರೆ ದೇವರ ಕೆಲಸದಲ್ಲಿ ಭೇದ ಮಾಡಲು ಅಂಜಿಕೆ. ಕಾರಿನ ಮುಂದೆ ಬಗ್ಗಿ ನೋಡಿದರೆ ಜಾಲರಿಯ ಹಿಂದೆ ಹೊಸ ತಗಡಿನ ಅಂಚು ಕಂಡಿತು. ಜಾಲರಿಯ ಅಗಲ ಸಂದಿಯಲ್ಲಿ ಕೈ ತೂರಿಸಿ ತಂತಿ ಸಿಕ್ಕಿಸಲು ಹೇಳಿ ಮಾಡಿಸಿದ ಹಾಗಿತ್ತು. ಸಿಕ್ಕಿಸಿದೆ. ನಿಂಬೆಹಣ್ಣು ಬಾಯಿಯ ಕೆಳಗೆ ಒಂದು ಗೇಣು ಜೋತುಬಿತ್ತು, ಯಾವುದಕ್ಕೂ ಅಡ್ಡ ಇರಲಿಲ್ಲ.

ಮರುದಿನ ಬೆಳಿಗ್ಗೆ ಓಟ. "ಈಗ್ರಿ!" ಕ್ಲಿಪ್ಪು ಹಾಕಿದೆ. ಒಂಬತ್ತು ಸೆಂಟಿಮೀಟರ್.

ಮೇಡಂ ನಂಬಲಿಲ್ಲ. ಮತ್ತೆ ಓಡಿಸಿದರು. ಒಂಬತ್ತು. ತಿರುಗಿ ಬರುವಾಗ ಒಂಬತ್ತೂವರೆ. ಕಾರು ನಿಲ್ಲಿಸಿ ಮನೆಯವರು ಬಾನೆಟ್ಟೆತ್ತಿ ಕೊಳವೆಯ ಉದ್ದಕ್ಕೂ ಕೈ ಆಡಿಸಿದರು, ಬಾಯಿಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರು. ಎಲ್ಲ ಸರಿ ಇತ್ತು. ಮೇಡಂ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತರು. "ನನ್ನ ಲೆಕ್ಕನ ಎಲ್ಲೋ ತಪ್ಪ್ಯದ ಉಸ್ತಾದರ. ಕಾಲುವಿ ಲೆಕ್ಕ ಗಾಳಿಗಿ ಹಚ್ಚಾಕ ಹೋದೆ." ಎದ್ದು ಬಂದು, "ಇಣೀನೇ ಕೂಡಸ್ರಿ. ಬಾನೆಟ್ ಕೊರೀರಿ. ಅಪ್ಪಾರಿಗಿ ನಾ ಹೆಂಗರ ಹೇಳ್ಕೋತೀನಿ," ಅಂದರು.

ಅವರ ಮುಖ ಸಣ್ಣದಾಗಿತ್ತು. ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಮನೆಗೆ ಬಂದು ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ. ಕ್ಯಾಲೆಂಡರಿನಿಂದ ಚಿತ್ರ ತೆಗೆದು ಮಡಚಿ ಮನೆಯವರು ಜೇಬಿಗಿಟ್ಟುಕೊಂಡರು. ಜಗುಲಿಯ ಪಕ್ಕ ಮತ್ತೆ ಖಾಲಿ ಗೋಡೆ ಕಂಡಿತು.

ಸಂಜೆ ಶೆಡ್ಡು ಗುಡಿಸಲು ಹೋದೆ. ಕಸಬರಿಗೆ ಕಾರಿನ ಮುಂದೆ ಬಂದಾಗ ನಿಂಬೆಹಣ್ಣಿನ ಮೇಲೆ ಕಣ್ಣು ಬಿತ್ತು. ಮೆಣಸಿನಕಾಯಿಗಳು ಏಳಿದ್ದವು ನಾಲ್ಕಾಗಿದ್ದವು. ನಿಂಬೆಯ ಸಿಪ್ಪೆಯ ಮೇಲೆ ಬಳೆಯಂತೆ ದುಂಡನೆಯ ಗಾಯ, ತಗಡಿನ ಅಂಚು ಕಚ್ಚಿದಂತೆ. ಬೆರಳಿನಿಂದ ಅದನ್ನು ಮೇಲೆತ್ತಿ ಹಿಂದಕ್ಕೆ ನೂಕಿದೆ. ಮೆಣಸಿನಕಾಯಿ ಸಮೇತ ಹೋಗಿ ಸೊಂಡಿಲಿನ ಬಾಯಿಯಲ್ಲಿ ಕೂತಿತು, ಬಾಟಲಿಗೆ ಬೂಚು ಹಾಕಿದಂತೆ. ಬೆರಳು ಬಿಟ್ಟೆ, ಕೆಳಗೆ ಬಿದ್ದು ಜೋತಾಡಿತು.

ನಿಂತಾಗ ಜೋತಾಡುತ್ತದೆ. ಓಡುವಾಗ ಗಾಳಿ ಅದನ್ನು ಎತ್ತಿ ಬಾಯಿಗೆ ತುರುಕುತ್ತದೆ. ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ನಿಂಬೆಹಣ್ಣು ಇಲ್ಲದ ಗಾಡಿ ನಮ್ಮ ಕಡೆ ಎಲ್ಲಿದೆ? ಮನೆಯವರಾಗಲಿ ಮೇಡಂ ಆಗಲಿ ಅದನ್ನು ಕಾರಿನದೇ ಒಂದು ಭಾಗವೆಂದು ಬಗೆದು ಗಮನಿಸದೇ ಬಿಟ್ಟಿದ್ದರು.

ಕಸಬರಿಗೆ ಹಿಡಿದು ಎಷ್ಟು ಹೊತ್ತು ನಿಂತೆನೋ. ಆಕೆಯ ಲೆಕ್ಕ ತಪ್ಪಿರಲಿಲ್ಲ. ಅದು ಈಗ ನನಗೊಬ್ಬಳಿಗೇ ಗೊತ್ತು. ಹೇಳಿದರೆ ಆ ಚಿತ್ರ ಮತ್ತೆ ಜಗುಲಿಯ ಪಕ್ಕಕ್ಕೆ ಬರುತ್ತದೆ, 'ಏನ್ ತಲಿ ಅದ' ಮತ್ತೆ ಶುರುವಾಗುತ್ತದೆ. ಹೇಳದಿದ್ದರೆ ಯಾರೂ ಸಾಯುವುದಿಲ್ಲ. ಇಣಿಯೂ ಕೆಟ್ಟದ್ದಲ್ಲ, ನಾಲ್ಕು ಸೆಂಟಿಮೀಟರ್. ಒಳಗೆ ಬಂದು ದೀಪ ಹಚ್ಚಿದೆ. ಮನೆಯವರು ಊಟಕ್ಕೆ ಕೂತರು. ಕೈ ಸಾಬೂನಿನಿಂದ ತೊಳೆದಿರಲಿಲ್ಲ. ನಾನು ನಿಂಬೆಹಣ್ಣಿನ ಮಾತೆತ್ತಲಿಲ್ಲ. ತಿಂಥಣಿ ಮೌನಪ್ಪನ ಒಕ್ಕಲು ನಾವು, ಒಂದು ದಿನ ಮೌನ ಹಿಡಿದರೆ ತಪ್ಪೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ದೇವರ ಹೆಸರನ್ನು ಅಂಥ ಕೆಲಸಕ್ಕೆ ಬಳಸಿದ್ದಕ್ಕೆ ಈಗಲೂ ಕೆನ್ನೆ ಬಡಿದುಕೊಳ್ಳುತ್ತೇನೆ.

ಮರುದಿನ ಒಂಬತ್ತು ಗಂಟೆಗೆ ಟಿಂಕರ್ ಚಾಚಾ ಬಂದರು. ತಗಡು ಬಡಿಯುವುದರಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯ. ಮೇಡಂ ರಜೆ ಹಾಕಿ ಬಂದಿದ್ದರು. ಚಾಚಾ ಇಣಿಯನ್ನು ಕೆಂಪು ಬಾನೆಟ್ಟಿನ ಮೇಲಿಟ್ಟು ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದರು. ನಾನು ನಡುಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಮೇಡಂ ಬೆರಳಿನಿಂದ ಆ ಬಿಳಿ ಗೆರೆಯನ್ನು ಒಮ್ಮೆ ಮುಟ್ಟಿ, ಬೆರಳಿಗೆ ಹತ್ತಿದ ಪುಡಿಯನ್ನು ತಿರುವಿ ತಿರುವಿ ನೋಡುತ್ತಿದ್ದರು.

"ಬೇಟಿ, ಮತ್ತೊಮ್ಮಿ ಸೋಚ್ ಮಾಡು," ಅಂದರು ಚಾಚಾ. "ಒಮ್ಮಿ ಕೊರದ್ರ ತಿರುಗಿ ಹೊಲಿಯಾಕ ಇದೇನ್ ಕುಬಸ ಅಲ್ಲ."

"ಕೊರೀರಿ ಚಾಚಾ. ನಾ ಆ ಕಡಿ ಮುಖ ಮಾಡಿ ನಿಂದರ್ತೀನಿ," ಅಂದು ಮೇಡಂ ತಿರುಗಿದರು. ತಿರುಗಿದವರು ನೇರ ನನ್ನನ್ನೇ ನೋಡಿದರು. ನೋಡಿ, ನಗಲು ಪ್ರಯತ್ನ ಮಾಡಿದರು.

ಗ್ರೈಂಡರ್ ಗುರ್ ಅಂದಿತು.

"ನಿಂದರ್ಸ್ರಿ!" ಅಂದೆ. ತಟ್ಟೆಯಲ್ಲಿ ಚಹಾ ಚೆಲ್ಲಿತು. "ಚಾಚಾ, ನಿಂದರ್ಸ್ರಿ ಅದನ್ನ!"

ಗ್ರೈಂಡರ್ ನಿಂತಿತು. ಮೂವರೂ ನನ್ನ ಕಡೆ ನೋಡಿದರು. ತಟ್ಟೆ ಕೆಳಗಿಟ್ಟು ಕಾರಿನ ಮುಂದೆ ಹೋಗಿ ಕೂತೆ. ನಿಂಬೆಹಣ್ಣನ್ನು ಬೆರಳಿನಿಂದ ಎತ್ತಿ ಬಾಯಿಗೆ ನೂಕಿ ತೋರಿಸಿದೆ. "ಇದು ಓಡುವಾಗ ಒಳಗ ಹೋಗಿ ಕೂಡ್ತದ. ನಾನೇ ಕಟ್ಟೀನಿ. ಮೇಡಂ ಲೆಕ್ಕ ಸರಿ ಅದ."

ಮನೆಯವರು ಪಕ್ಕದಲ್ಲಿ ಕೂತು ತಾವೂ ಒಮ್ಮೆ ನೂಕಿ ನೋಡಿದರು. ಮತ್ತೊಮ್ಮೆ ನೂಕಿದರು. "ಯಾವಾಗ ನೋಡ್ದಿ?"

ಈಗಷ್ಟೇ ಎನ್ನಬಹುದಿತ್ತು. ಬಾಯಿಯ ತುದಿಗೆ ಬಂದೂ ಇತ್ತು.

"ನಿನ್ನಿ ಸಂಜಿಗಿ."

ಮನೆಯವರು ನನ್ನ ಮುಖ ನೋಡಿದ ರೀತಿ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಚಾಚಾ ಗ್ರೈಂಡರಿನ ವೈರು ಸುತ್ತತೊಡಗಿದರು, ಇದು ತಮಗೆ ಸಂಬಂಧಿಸಿದ್ದಲ್ಲ ಎನ್ನುವಂತೆ. ಮೇಡಂ ಬಗ್ಗಿ ತಂತಿ ಬಿಡಿಸಿ ನಿಂಬೆಹಣ್ಣನ್ನು ಅಂಗೈಯಲ್ಲಿಟ್ಟುಕೊಂಡರು. ಗಾಯದ ಸುತ್ತ ಹೆಬ್ಬೆರಳು ಆಡಿಸಿದರು. ಅವರಿಗೆ ಎಲ್ಲ ಅರ್ಥವಾಯಿತೆಂದು ನನಗೆ ಗೊತ್ತಾಯಿತು. ನಿನ್ನೆ ಸಂಜೆಯಿಂದ ಇವತ್ತಿನ ಒಂಬತ್ತು ಗಂಟೆಯ ತನಕ ಯಾಕೆ ಸುಮ್ಮನಿದ್ದೆ ಎಂಬುದು ಇನ್ನೊಬ್ಬ ಹೆಂಗಸಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಅಕ್ಕಾರ," ಅಂದರು. "ಹಲಗಿ ತರ್ರಿ. ಗಾಳಿ ಏಳೋದ್ರಾಗ ಇನ್ನೊಮ್ಮಿ ನೋಡೂಣು. ಕ್ಲಿಪ್ ಮರೀಬ್ಯಾಡ್ರಿ."

ಬಿಸಿಲು ಏರಿತ್ತು. ಗಾಳಿಯೂ ಸ್ವಲ್ಪ ಎದ್ದಿತ್ತು. ಅದಕ್ಕೇ ಆ ಕಡೆ ಈ ಕಡೆ ಸೇರಿ ಆರು ಸಲ ಓಡಿಸಿದರು. ಮೊದಲ ಸಲ "ಈಗ್ರಿ!" ಅಂದಾಗ ಕ್ಲಿಪ್ಪು ನನ್ನ ಕೈಯಿಂದ ಜಾರಿತು. ಎರಡನೆಯ ಸಲ ಹಾಕಿದೆ. ಕಾರು ನಿಂತ ಮೇಲೆ ಹಲಗೆ ಎತ್ತಿ ನೋಡಿದರೆ ಎರಡೂ ಕಡೆಯ ನೀಲಿ ಒಂದೇ ಗೆರೆಯ ಮೇಲಿತ್ತು. ಮತ್ತೊಮ್ಮೆ ಓಡಿದಾಗಲೂ ಅಷ್ಟೆ, ಒಂದು ನೂಲಿನಷ್ಟು ಹೆಚ್ಚುಕಡಿಮೆ. ಬಿಸಿ ಹೊರಗಿನದಕ್ಕಿಂತ ಮೂರು ಡಿಗ್ರಿ ಮಾತ್ರ ಜಾಸ್ತಿ ಎಂದು ಹಿಂದಿನಿಂದ ಮನೆಯವರು ಹೇಳಿದರು. ಮೇಡಂ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಒಂದು ಗಳಿಗೆ ಹಾಗೇ ಕೂತರು.

ನನ್ನ ಹೊಟ್ಟೆಯಲ್ಲಿ ಮತ್ತೆ ಆ ಕಿಚ್ಚು ಎದ್ದಿತು. ಹೇಳಿಬಿಟ್ಟೆನಲ್ಲ, ಇನ್ನು ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಆದರೆ ಹಲಗೆ ಹಿಡಿದ ಕೈ ಮಾತ್ರ ನೆಟ್ಟಗೆ ನಿಂತಿತ್ತು.

ಬರುವಾಗ ಶಹಾಪುರ ಸೇರುವಲ್ಲಿ ಚಹಾದಂಗಡಿ ಮುಂದೆ ನಿಲ್ಲಿಸಿದರು. ಮನೆಯವರು ಇಳಿದು ಕೂಗಿದರು. "ಮೂರು ಚಹಾ ಮಾಡೋ. ಒಂದ್ರಾಗ ಸಕ್ರಿ ಬ್ಯಾಡ." ಅಷ್ಟಂದು ನಿಂತರು. ಹಿಂದಿರುಗಿ ಕಾರಿನ ಕಿಟಕಿಯ ಹತ್ತಿರ ಬಂದರು. ಶೆಡ್ಡಿನಲ್ಲಿ 'ಯಾವಾಗ ನೋಡ್ದಿ' ಅಂದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಅದು.

"ನಿಂದು?"

"ಏನು?"

"ಸಕ್ರಿ."

"ಎರಡ ಚಮಚ."

"ಎರ್ಡಾ?" ಎಂದು ಹುಬ್ಬೇರಿಸಿದರು. ಇಪ್ಪತ್ತು ವರ್ಷ ಅವರ ಎದುರೇ ಕುಡಿದಿದ್ದೇನೆ. ಮೇಡಂ ಕಿಟಕಿಯ ಆಚೆ ಮುಖ ತಿರುಗಿಸಿ ನಗು ಬಿಗಿಹಿಡಿದರು.

ಆ ಸಂಜೆ ದೀಪದ ಮುಂದೆ ಕೂತು ಎಣಿಸಿದಾಗ ಅದೊಂದೇ ಸಿಕ್ಕಿತು. ಸಾಕೆನ್ನಿಸಿತು.

ಪಂದ್ಯಕ್ಕೆ ಮನೆಯವರೂ ಚಾಚಾನೂ ಜೊತೆಗೆ ಹೋದರು. ಹೊರಡುವ ಮುಂಚೆ ಮೇಡಂ ನನ್ನನ್ನು ಕರೆದು ಹೊಸ ನಿಂಬೆಹಣ್ಣು, ಮೆಣಸಿನಕಾಯಿ ಕೈಗಿಟ್ಟರು. "ಕಟ್ರಿ ಅಕ್ಕಾರ. ಎಲ್ಲಿ ಅಂತ ನಿಮಗಾ ಗೊತ್ತದ."

ಹಿಂದಿನ ಬಂಪರಿನ ಕೆಳಗೆ ಕಟ್ಟಿದೆ, ಬಿಗಿಯಾಗಿ, ಎರಡು ಗಂಟು ಹಾಕಿ.

ಭಾನುವಾರ ಮಧ್ಯಾಹ್ನ ಫೋನು ಬಂತು. ಕೈಯೆಲ್ಲ ಉಪ್ಪು, ಮೊಣಕೈಯಿಂದ ಸ್ಪೀಕರ್ ಒತ್ತಿದೆ. ಮೇಡಂ ದನಿ. "ಅಕ್ಕಾರ, ಈ ಸಲ ದಾಟಿದೆನ್ರಿ! ಮುಂದಿನ ಸುತ್ತಿಗಿ ಹೋದೆ!" ಹಿಂದೆ ಮನೆಯವರು ಯಾರಿಗೋ ಸೊಂಡಿಲಿನ ವಿಷಯ ಹೇಳುತ್ತ ಜೋರಾಗಿ ನಗುತ್ತಿದ್ದರು, ಅಪ್ಪಾರು ಬಂದಾರ, ಬಾನೆಟ್ ಒರಸಾಕತ್ತಾರ ಎಂದು ಚಾಚಾ ಕೂಗುತ್ತಿದ್ದರು. ಆ ನಗು ನಾನಿಲ್ಲದ ಜಾಗದಲ್ಲಿ ನಡೆದಿತ್ತು. ಅದು ನನಗೆ ಚುಚ್ಚಿತು.

"ಛಲೋ ಆತ್ರಿ ಮೇಡಂ," ಅಂದೆ. ಚುಚ್ಚಿದ್ದು ಎಷ್ಟು ನಿಜವೋ ಆ ಮಾತೂ ಅಷ್ಟೇ ನಿಜವಿತ್ತು.

ಫೋನು ಇಟ್ಟು, ಬೀಜ ತೆಗೆದ ಹುಣಸೆಗೆ ಉಪ್ಪು ಹಚ್ಚಿ ಉಂಡೆ ಕಟ್ಟಿ, ಗಡಿಗೆಗೆ ಒತ್ತಿ ಒತ್ತಿ ತುಂಬತೊಡಗಿದೆ. ನಡುವೆ ಗಾಳಿ ಉಳಿದರೆ ಹಣ್ಣು ವರ್ಷ ತಡೆಯುವುದಿಲ್ಲ.